ಚೆಕ್‌ಪಾಯಿಂಟ್, ಕಾರ್-ಟಿ, ಬೈಸ್ಪೆಸಿಫಿಕ್, ಟಿಐಎಲ್: ಯಾವ ಇಮ್ಯುನೋಥೆರಪಿ ಯಾರಿಗೆ?

"ಕ್ಯಾನ್ಸರ್ ಇಮ್ಯುನೋಥೆರಪಿಲಿ ಯಾವ್ದು ಬೆಸ್ಟ್" ಅಂತ ತುಂಬಾ ಜನ ಕೇಳ್ತಾರೆ, ಅದಕ್ಕೆ ಉತ್ತರ ಕೊಡೋಕಾಗಲ್ಲ, ಯಾಕಂದ್ರೆ ಆ ಒಂದು ಹೆಸರಿನ ಕೆಳಗೆ ಒಂದಕ್ಕೊಂದು ಹೋಲಿಕೆನೇ ಇಲ್ಲದ ಟ್ರೀಟ್‌ಮೆಂಟ್‌ಗಳು ಕೂತಿವೆ. ಮೂರು ವಾರಕ್ಕೊಂದ್ಸಲ ಹೋಗಿ ಅರ್ಧ ಗಂಟೆ ಡ್ರಿಪ್ ಹಾಕಿಸ್ಕೊಂಡು ಮನೆಗೆ ಬರೋದೂ ಇಮ್ಯುನೋಥೆರಪಿನೇ, ರಕ್ತದಿಂದ ಟಿ ಸೆಲ್ (ಇಮ್ಯುನಿಟಿಗೆ ದುಡಿಯೋ ಒಂದು ಥರದ ಬಿಳಿ ರಕ್ತಕಣ) ತೆಗೆದು ಲ್ಯಾಬಲ್ಲಿ ಅದರ ಜೀನ್ ಬದಲಾಯಿಸಿ ವಾಪಸ್ ಮೈಗೆ ಹಾಕೋದೂ ಇಮ್ಯುನೋಥೆರಪಿನೇ. ಎರಡರಲ್ಲೂ ಕೊನೆಗೆ ಕ್ಯಾನ್ಸರ್ ಸೆಲ್ಲನ್ನ ಸಾಯಿಸೋದು ನಮ್ಮದೇ ಇಮ್ಯೂನ್ ಸೆಲ್, ಅದೊಂದೇ ಕಾಮನ್. ಅದಕ್ಕೆ ನಾನು ಕೇಳೋ ಮೊದಲನೇ ಪ್ರಶ್ನೆ ಬೇರೆ: ಈ ಗಡ್ಡೆ ಹತ್ರ ಟಿ ಸೆಲ್‌ಗಳು ಈಗ ಎಲ್ಲಿವೆ? ಒಳಗೆ ನುಗ್ಗಿದಾವಾ, ಅಂಚಲ್ಲೇ ನಿಂತಿದಾವಾ, ಆ ಕಡೆ ಬಂದೇ ಇಲ್ವಾ? ಇದು ಗೊತ್ತಾದ್ರೆ ಆಯ್ಕೆ ಅರ್ಧ ಮುಗೀತು.

ಇಲ್ಲಿ ಬರೆದಿರೋದು ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ಮುಂದೆ ಕೂತಾಗ ಅವರು ಹೇಳೋದು ಅರ್ಥ ಆಗ್ಲಿ, ಕೇಳ್ಬೇಕಾದ್ದು ಬಿಟ್ಟುಹೋಗ್ದಿರ್ಲಿ ಅಂತ. ಅವರ ಮಾತಿಗೆ ಬದಲಿ ಅಂತ ದಯವಿಟ್ಟು ಓದ್ಬೇಡಿ.

ಎರಡೂ ಕಡೆ ಇರೋ ಸೆಲ್‌ಗಳು

ಇಮ್ಯೂನ್ ಸೆಲ್ ಅಂದ್ರೆ ಎಲ್ಲಾ ಕ್ಯಾನ್ಸರ್ ವಿರುದ್ಧ ಅಂದ್ಕೊಂಡಿರ್ತೀವಿ, ಹಾಗಿಲ್ಲ. ಸಿಡಿ8 ಟಿ ಸೆಲ್ ಮತ್ತೆ ಎನ್‌ಕೆ ಸೆಲ್ ಕೊಲ್ಲೋ ಗುಂಪು. ಡೆಂಡ್ರಿಟಿಕ್ ಸೆಲ್ ಅನ್ನೋದು ಗಡ್ಡೆಯ ಚೂರನ್ನ ಲಿಂಫ್ ನೋಡ್‌ಗೆ (ಇಮ್ಯೂನ್ ಸೆಲ್‌ಗಳು ಸೇರೋ ಸಣ್ಣ ಗ್ರಂಥಿ) ತಗೊಂಡು ಹೋಗಿ ಟಿ ಸೆಲ್‌ಗೆ ತೋರಿಸತ್ತೆ, ಅದು ತೋರಿಸ್ದೆ ಹೋದ್ರೆ ಟಿ ಸೆಲ್‌ಗೆ ಗುರಿನೇ ಗೊತ್ತಾಗಲ್ಲ. ಇನ್ನೊಂದು ಕಡೆ ರೆಗ್ಯುಲೇಟರಿ ಟಿ ಸೆಲ್ ಇರತ್ತೆ, ಟ್ರೆಗ್ ಅಂತಾರೆ, ಅದರ ಕೆಲಸನೇ ಬೇರೆ ಟಿ ಸೆಲ್‌ಗಳನ್ನ ಸುಮ್ಮನಿರಿಸೋದು. ಮಾಮೂಲಿ ದಿನಗಳಲ್ಲಿ ಅದು ಬೇಕೇಬೇಕು, ಇಲ್ದಿದ್ರೆ ನಮ್ಮ ಇಮ್ಯುನಿಟಿ ನಮ್ಮನ್ನೇ ತಿನ್ನತ್ತೆ, ಆದ್ರೆ ಗಡ್ಡೆ ಒಳಗೆ ಅದು ಸೇರ್ಕೊಂಡ್ರೆ ಕ್ಯಾನ್ಸರ್‌ಗೆ ರಕ್ಷಣೆ ಸಿಕ್ಕ ಹಾಗೆ. ಮ್ಯಾಕ್ರೋಫೇಜ್ ಅನ್ನೋ ಇಮ್ಯೂನ್ ಸೆಲ್ ಕಥೆ ಇನ್ನೂ ವಿಚಿತ್ರ: ಅದು ಕ್ಯಾನ್ಸರ್ ಸೆಲ್ ನುಂಗಬಲ್ಲದು, ಆದ್ರೆ ಗಡ್ಡೆ ಬಿಡೋ ಸಿಗ್ನಲ್‌ಗಳಿಗೆ ಸಿಕ್ಕಿ ಗಾಯ ಮಾಯಿಸೋ ಮೋಡ್‌ಗೆ ಹೋಗಿಬಿಟ್ರೆ ಹೊಸ ರಕ್ತನಾಳ ಬೆಳೆಸತ್ತೆ, ಕ್ಯಾನ್ಸರ್ ಹರಡೋಕೆ ದಾರಿ ಮಾಡಿಕೊಡತ್ತೆ, ಟಿ ಸೆಲ್‌ಗಳನ್ನ ತಡೆಯತ್ತೆ. ಸುಮಾರು ಗಡ್ಡೆಗಳಲ್ಲಿ ಮ್ಯಾಕ್ರೋಫೇಜ್ ಜಾಸ್ತಿ ಇದ್ರೆ ಫಲಿತಾಂಶ ಕೆಟ್ಟದಾಗಿರತ್ತೆ, ಸಿಡಿ8 ಜಾಸ್ತಿ ಇದ್ರೆ ಒಳ್ಳೇದಿರತ್ತೆ. ಕೊಲೊನ್ (ದೊಡ್ಡ ಕರುಳಿನ) ಕ್ಯಾನ್ಸರಲ್ಲಂತೂ ಇದನ್ನ ಎಣಿಸೋಕೇ ಇಮ್ಯುನೋಸ್ಕೋರ್ ಅಂತ ಟೆಸ್ಟ್ ಇದೆ, ಗಡ್ಡೆಯ ನಡುವಲ್ಲಿ ಎಷ್ಟು ಟಿ ಸೆಲ್, ಅಂಚಲ್ಲಿ ಎಷ್ಟು ಅಂತ.

ರಾಬರ್ಟ್ ಶ್ರೈಬರ್ ಅನ್ನೋ ವಿಜ್ಞಾನಿ ಮತ್ತೆ ಅವರ ಜೊತೆಯವರು ಇದನ್ನ ಮೂರು ಹಂತದಲ್ಲಿ ವಿವರಿಸಿದ್ರು. ಮೊದಲು ಇಮ್ಯೂನ್ ಸೆಲ್‌ಗಳು ಕ್ಯಾನ್ಸರ್ ಸೆಲ್‌ಗಳನ್ನ ಕೊಂದುಹಾಕ್ತವೆ, ಆಮೇಲೆ ಪೂರ್ತಿ ಕೊಲ್ಲೋಕಾಗ್ದೆ ಬೆಳೆಯೋಕೂ ಬಿಡ್ದೆ ವರ್ಷಗಟ್ಟಲೆ ಸಮಬಲ ನಡೆಯತ್ತೆ, ಆ ಹೊತ್ತಲ್ಲಿ ಟಿ ಸೆಲ್ ಕಣ್ಣಿಗೆ ಬೀಳದ ಕ್ಯಾನ್ಸರ್ ಸೆಲ್‌ಗಳು ಮಾತ್ರ ಉಳ್ಕೊಂಡು ಕೊನೆಗೆ ತಪ್ಪಿಸ್ಕೊಳ್ತವೆ. ಸ್ಕ್ಯಾನಲ್ಲಿ ಗಡ್ಡೆ ಕಂಡಿದೆ ಅಂದ್ರೆ ಅದು ಆಗ್ಲೇ ಮೂರನೇ ಹಂತ. ಅದು ತಪ್ಪಿಸ್ಕೊಂಡ ದಾರಿ ಯಾವ್ದು ಅನ್ನೋದರ ಮೇಲೆ ಟ್ರೀಟ್‌ಮೆಂಟ್ ನಿಂತಿದೆ.

ಟಿ ಸೆಲ್ ಒಳಗಿದ್ರೆ: ಚೆಕ್‌ಪಾಯಿಂಟ್ ಇನ್ಹಿಬಿಟರ್

ಟಿ ಸೆಲ್ ಮೇಲೆ ಪಿಡಿ-1 ಅನ್ನೋ ಪ್ರೋಟೀನ್ ಇದೆ, ಇಂಥ ಬ್ರೇಕ್‌ಗಳಿಗೇ ಚೆಕ್‌ಪಾಯಿಂಟ್ ಅನ್ನೋದು, ಕ್ಯಾನ್ಸರ್ ಸೆಲ್ ತನ್ನ ಮೇಲೆ ಪಿಡಿ-ಎಲ್1 ಇಟ್ಕೊಂಡು ಅದನ್ನ ಮುಟ್ಟಿದ್ರೆ ಟಿ ಸೆಲ್ ನಿಂತುಬಿಡತ್ತೆ. ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್ ಈ ಮುಟ್ಟೋದನ್ನ ತಡೀತವೆ. ಇಪಿಲಿಮುಮ್ಯಾಬ್ ಸಿಟಿಎಲ್‌ಎ-4 ಅನ್ನೋ ಇನ್ನೊಂದನ್ನ ತಡೆಯತ್ತೆ, ಅದು ಹೆಚ್ಚಾಗಿ ಲಿಂಫ್ ನೋಡಲ್ಲಿ ಟಿ ಸೆಲ್ ತಯಾರಾಗೋ ಹಂತದಲ್ಲೇ ಕೆಲಸ ಮಾಡತ್ತೆ. ಈ ಎರಡರ ಹಿಂದಿನ ಕೆಲಸಕ್ಕೆ ಜೇಮ್ಸ್ ಆಲಿಸನ್ ಮತ್ತೆ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಇವು ಹ್ಯಾಂಡ್‌ಬ್ರೇಕ್ ಬಿಡಿಸೋ ಔಷಧಿಗಳು ಅಷ್ಟೆ, ಗಾಡಿ ಅಲ್ಲಿ ನಿಂತಿದ್ರೆ ತಾನೇ ಹೊರಡೋದು, ಗಾಡಿನೇ ಇಲ್ಲದ ಕಡೆ ಬ್ರೇಕ್ ಬಿಡಿಸಿ ಏನ್ ಪ್ರಯೋಜನ. ಪ್ಯಾಂಕ್ರಿಯಾಸ್, ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಇವು ಬಹುತೇಕ ಸೋಲೋದು, ಮೆಲನೋಮ (ಚರ್ಮದ ಒಂದು ಕ್ಯಾನ್ಸರ್), ಶ್ವಾಸಕೋಶ, ಕಿಡ್ನಿ ಕ್ಯಾನ್ಸರಲ್ಲಿ ಗೆಲ್ಲೋದು ಇದಕ್ಕೇ.

ನಿಮ್ಮ ಕೇಸಲ್ಲಿ ಟಿ ಸೆಲ್‌ಗೆ ಗುರಿ ಸಿಗತ್ತಾ ಅನ್ನೋ ಸುಳಿವು ಬಯಾಪ್ಸಿ ರಿಪೋರ್ಟಲ್ಲೇ ಇರತ್ತೆ, ಸಾಮಾನ್ಯವಾಗಿ ಐಎಚ್‌ಸಿ (ಸೆಲ್‌ನ ಪ್ರೋಟೀನ್‌ಗಳಿಗೆ ಬಣ್ಣ ಹಾಕಿ ನೋಡೋ ಟೆಸ್ಟ್) ಅನ್ನೋ ಹೆಡಿಂಗ್ ಕೆಳಗೆ. ಅಲ್ಲಿ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಅಂತ ನಾಲ್ಕು ಹೆಸರು ಇವೆಯಾ ನೋಡಿ. ಇವು ಡಿಎನ್‌ಎ ಕಾಪಿ ಆಗೋವಾಗ ಬರೋ ತಪ್ಪುಗಳನ್ನ ತಿದ್ದೋ ಪ್ರೋಟೀನ್‌ಗಳು. ಯಾವುದಾದ್ರೂ ಒಂದರ ಮುಂದೆ "ಲಾಸ್" ಅಂತ ಬರೆದಿದ್ರೆ ಆ ಗಡ್ಡೆಯಲ್ಲಿ ತಪ್ಪುಗಳು ಸಾವಿರಗಟ್ಟಲೆ ಗುಡ್ಡೆ ಬಿದ್ದಿವೆ, ಟಿ ಸೆಲ್ ಕಣ್ಣಿಗೆ ಅದು ಪರಕೀಯವಾಗಿ ಕಾಣತ್ತೆ. ಕೇಳೋಕೆ ಕೆಟ್ಟ ಸುದ್ದಿ ಥರ ಇದ್ರೂ ಇಮ್ಯುನೋಥೆರಪಿ ಮಟ್ಟಿಗೆ ಇದು ಒಳ್ಳೇ ಸುದ್ದಿ. 2017ರಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡೋ ಎಫ್‌ಡಿಎ ಪೆಂಬ್ರೊಲಿಜುಮ್ಯಾಬನ್ನ ಇಂಥ ಗಡ್ಡೆ ಯಾವ ಅಂಗದಲ್ಲಿದ್ರೂ ಕೊಡಬಹುದು ಅಂತ ಒಪ್ಪಿತು, ಅಂಗ ನೋಡ್ದೆ ಬರೀ ಬಯೋಮಾರ್ಕರ್ (ಟೆಸ್ಟಲ್ಲಿ ಸಿಗೋ ಗಡ್ಡೆಯ ಗುರುತು) ನೋಡಿ ಕೊಟ್ಟ ಮೊದಲ ಒಪ್ಪಿಗೆ ಅದು. ಹರಡಿದ ಕೊಲೊರೆಕ್ಟಲ್ (ದೊಡ್ಡ ಕರುಳು, ಗುದನಾಳದ) ಕ್ಯಾನ್ಸರಲ್ಲಿ ಈ ಗುಂಪಿನವರಿಗೆ ಕೀಮೋ ಬದ್ಲು ಮೊದಲಿಗೇ ಪೆಂಬ್ರೊಲಿಜುಮ್ಯಾಬ್ ಕೊಟ್ಟಾಗ ಕಾಯಿಲೆ ಮುಂದುವರಿಯದೆ ಇದ್ದ ಮೀಡಿಯನ್ (ಸಾಲಲ್ಲಿ ನಟ್ಟನಡುವಿನವರ) ಅವಧಿ 16.5 ತಿಂಗಳು, ಕೀಮೋದಲ್ಲಿ 8.2. 2022ರಲ್ಲಿ ದೊಸ್ಟಾರ್ಲಿಮ್ಯಾಬ್ (ಇದೂ ಪಿಡಿ-1 ತಡೆಯೋದೇ) ಬಗ್ಗೆ ಬಂದ ಸುದ್ದಿ ನೆನಪಿರಬಹುದು, ರೆಕ್ಟಲ್ ಕ್ಯಾನ್ಸರಿನ 12 ಜನರಲ್ಲಿ 12 ಜನಕ್ಕೂ ಗಡ್ಡೆ ಮಾಯ ಅಂತ. ಸುದ್ದಿ ನಿಜ, ಆದ್ರೆ ಅವರೆಲ್ಲರೂ ಈ ನಾಲ್ಕರಲ್ಲಿ ಒಂದು ಕಳ್ಕೊಂಡಿದ್ದ ಗಡ್ಡೆಯವರೇ, ರೆಕ್ಟಲ್ ಕ್ಯಾನ್ಸರಲ್ಲಿ ಅಂಥವರು ಕೆಲವೇ ಶೇಕಡ. ಹೆಡ್‌ಲೈನ್ ನೋಡಿ ಆ ಔಷಧಿ ಬೇಕು ಅಂತ ಓಡೋ ಮುಂಚೆ ಈ ಸಾಲು ನೋಡ್ಕೊಳಿ.

ಶ್ವಾಸಕೋಶದಲ್ಲಿ ನೋಡೋ ನಂಬರ್ ಪಿಡಿ-ಎಲ್1 ಟಿಪಿಎಸ್, ಅಂದ್ರೆ ನೂರಕ್ಕೆ ಎಷ್ಟು ಕ್ಯಾನ್ಸರ್ ಸೆಲ್ ಮೇಲೆ ಪಿಡಿ-ಎಲ್1 ಇದೆ ಅಂತ. ಅದು 50% ಅಥವಾ ಮೇಲಿದ್ದ ನಾನ್-ಸ್ಮಾಲ್ ಸೆಲ್ (ಶ್ವಾಸಕೋಶದಲ್ಲಿ ಹೆಚ್ಚಾಗಿ ಕಾಣೋ ವಿಧ) ಕ್ಯಾನ್ಸರ್‌ನವರಲ್ಲಿ ಪೆಂಬ್ರೊಲಿಜುಮ್ಯಾಬ್ ಒಂದನ್ನೇ ಕೀಮೋ ಜೊತೆ ಹೋಲಿಸಿದಾಗ 5 ವರ್ಷಕ್ಕೆ ಬದುಕಿದ್ದವರು 31.9%, ಕೀಮೋ ಕಡೆ 16.3%. ಕಡಿಮೆ ಇದ್ರೆ ಸಾಮಾನ್ಯವಾಗಿ ಕೀಮೋ ಜೊತೆ ಸೇರಿಸಿ ಕೊಡ್ತಾರೆ. ಪಿಡಿ-ಎಲ್1 ಪರ್ಫೆಕ್ಟ್ ಟೆಸ್ಟ್ ಏನಲ್ಲ, 90% ಇದ್ದವರಿಗೂ ಕೆಲಸ ಮಾಡ್ದೆ ಹೋಗಬಹುದು, ಸೊನ್ನೆ ಇದ್ದವರಿಗೂ ಮಾಡಬಹುದು.

ಟಾರ್ಗೆಟೆಡ್ ಮಾತ್ರೆನಾ, ಇಮ್ಯುನೋಥೆರಪಿನಾ

ಇಲ್ಲಿ ಅವಸರ ಮಾಡ್ಬೇಡಿ. ಶ್ವಾಸಕೋಶದ ಕ್ಯಾನ್ಸರಲ್ಲಿ ಇಜಿಎಫ್‌ಆರ್ ಅಥವಾ ಎಎಲ್‌ಕೆ ಅನ್ನೋ ಜೀನಲ್ಲಿ ಬದಲಾವಣೆ ಇದ್ರೆ ಪಿಡಿ-ಎಲ್1 ಎಷ್ಟೇ ಇರ್ಲಿ ಚೆಕ್‌ಪಾಯಿಂಟ್ ಔಷಧಿ ಒಂಟಿಯಾಗಿ ಅಷ್ಟಾಗಿ ಕೆಲಸ ಮಾಡಲ್ಲ, ಆ ಬದಲಾವಣೆಗೇ ಗುರಿ ಇಟ್ಟ ಟಾರ್ಗೆಟೆಡ್ ಮಾತ್ರೆಗಳು ಚೆನ್ನಾಗಿ ಮಾಡ್ತವೆ. ಮೇಲೆ ಹೇಳಿದ ಟ್ರಯಲಲ್ಲೂ ಇವರನ್ನ ಹೊರಗಿಟ್ಟಿದ್ರು. ತೊಂದರೆ ಆಗೋದು ಪಿಡಿ-ಎಲ್1 ರಿಪೋರ್ಟ್ ಕೆಲವೇ ದಿನಕ್ಕೆ ಬರತ್ತೆ, ಜೀನ್ ರಿಪೋರ್ಟ್ ವಾರಗಟ್ಟಲೆ ತಗೊಳತ್ತೆ, ಕಾಯೋಕೆ ಭಯ ಆಗಿ ಇಮ್ಯುನೋ ಶುರು ಮಾಡಿಸಿಬಿಡ್ತಾರೆ, ಆಮೇಲೆ ಇಜಿಎಫ್‌ಆರ್ ಪಾಸಿಟಿವ್ ಬಂದು ಒಸಿಮರ್ಟಿನಿಬ್ ಅನ್ನೋ ಟಾರ್ಗೆಟೆಡ್ ಮಾತ್ರೆ ಕೊಟ್ಟಾಗ ಶ್ವಾಸಕೋಶದಲ್ಲಿ ಉರಿಯೂತ ಆಗೋ ರಿಸ್ಕ್ ಏರತ್ತೆ. ಅದೇ ಔಷಧಿ, ಆರ್ಡರ್ ಉಲ್ಟಾ ಆದಾಗ ಈ ರಿಸ್ಕ್ ಅಷ್ಟಿಲ್ಲ. ಕಾಯೋಕಾಗ್ದಷ್ಟು ಕಾಯಿಲೆ ಜೋರಾಗಿದ್ರೆ ಮೊದಲ ಸೈಕಲ್ ಬರೀ ಕೀಮೋ ಕೊಟ್ಟು ರಿಪೋರ್ಟ್ ಬಂದ್ಮೇಲೆ ನಿರ್ಧಾರ ಮಾಡೋಕಾಗತ್ತಾ ಅಂತ ಕೇಳಿ, ತುಂಬಾ ಡಾಕ್ಟರ್‌ಗಳು ಹಾಗೇ ಮಾಡ್ತಾರೆ.

ಒಂಟಿನಾ, ಜೋಡಿನಾ

ಇದಕ್ಕೆ ಮೆಲನೋಮದಲ್ಲಿ ಹತ್ತು ವರ್ಷದ ಲೆಕ್ಕ ಸಿಕ್ಕಿದೆ, ಹರಡಿದ ಮೆಲನೋಮ ಇದ್ದವರಲ್ಲಿ ನಿವೊಲುಮ್ಯಾಬ್ ಇಪಿಲಿಮುಮ್ಯಾಬ್ ಜೋಡಿ ತಗೊಂಡವರಲ್ಲಿ 10 ವರ್ಷಕ್ಕೆ 43% ಬದುಕಿದ್ರು, ನಿವೊಲುಮ್ಯಾಬ್ ಒಂದೇ ಆದ್ರೆ 37%, ಇಪಿಲಿಮುಮ್ಯಾಬ್ ಒಂದೇ ಆದ್ರೆ 19%. 2011ಕ್ಕಿಂತ ಮುಂಚೆ ಇದೇ ಕಾಯಿಲೆಗೆ ಡಾಕ್ಟರ್‌ಗಳು ತಿಂಗಳ ಲೆಕ್ಕದಲ್ಲಿ ಮಾತಾಡ್ತಿದ್ರು ಅನ್ನೋದು ನೆನಪಿಟ್ಕೊಂಡು ಈ ನಂಬರ್ ಓದಿ. ಆದ್ರೆ 43ಕ್ಕೂ 37ಕ್ಕೂ ಇರೋ ಆ ವ್ಯತ್ಯಾಸಕ್ಕೆ ಬೆಲೆ ಇದೆ, ಜೋಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಗಂಭೀರ ಸೈಡ್ ಎಫೆಕ್ಟ್ ಬಂತು, ಒಂಟಿಯಲ್ಲಿ ಅದರ ಅರ್ಧನೂ ಇಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಮೆದುಳಿಗೆ ಹರಡಿದ್ರೆ, ಕಾಯಿಲೆ ವೇಗವಾಗಿ ಓಡ್ತಿದ್ರೆ ಜೋಡಿ ಬಗ್ಗೆ ಗಟ್ಟಿಯಾಗಿ ಕೇಳ್ಬೇಕು, ವಯಸ್ಸಾಗಿ ಒಬ್ಬರೇ ಇರೋರು, ಭೇದಿ ಜೋರಾದಾಗ ಅದೇ ರಾತ್ರಿ ಆಸ್ಪತ್ರೆಗೆ ಹೋಗೋಕಾಗ್ದವರು ಒಂಟಿ ಆರಿಸ್ಕೊಂಡ್ರೆ ಅದರಲ್ಲಿ ತಪ್ಪೇನಿಲ್ಲ.

ಆಪರೇಷನ್ ಮಾಡಬಹುದಾದ ಮೆಲನೋಮ ಇದ್ರೆ ಇನ್ನೊಂದು ಪ್ರಶ್ನೆ, ಇಂಜೆಕ್ಷನ್ ಮೊದಲಾ ಆಪರೇಷನ್ ಮೊದಲಾ. ಗಡ್ಡೆ ಇನ್ನೂ ಮೈಯಲ್ಲಿರೋವಾಗ್ಲೇ ಔಷಧಿ ಕೊಟ್ರೆ ಅಲ್ಲಿರೋ ಟಿ ಸೆಲ್‌ಗಳು ಆ ಗಡ್ಡೆಯನ್ನೇ ನೋಡಿ ಕಲಿತು ರಕ್ತಕ್ಕೆ ಹರಡ್ತವೆ, ಗಡ್ಡೆ ತೆಗೆದ್ಮೇಲೆ ಕಲಿಯೋಕೆ ಉಳಿಯೋದು ಕಮ್ಮಿ. ಪೆಂಬ್ರೊಲಿಜುಮ್ಯಾಬನ್ನ ಬರೀ ಆಪರೇಷನ್ ಆದ್ಮೇಲೆ ಕೊಡೋದಕ್ಕೂ, ಅದೇ ಒಟ್ಟು ಡೋಸಲ್ಲಿ ಮೂರನ್ನ ಮೊದಲೇ ಕೊಡೋದಕ್ಕೂ ಹೋಲಿಸಿದಾಗ ಎರಡು ವರ್ಷಕ್ಕೆ ತೊಂದರೆ ಇಲ್ದೆ ಇದ್ದವರು 49% ಮತ್ತು 72%. ಔಷಧಿ ಬದಲಾಗ್ಲಿಲ್ಲ, ಡೋಸ್ ಬದಲಾಗ್ಲಿಲ್ಲ, ಯಾವಾಗ ಕೊಟ್ರು ಅನ್ನೋದಷ್ಟೇ ಬದಲಾಯ್ತು. ಸರ್ಜರಿ ಡೇಟ್ ಫಿಕ್ಸ್ ಮಾಡೋ ಮುಂಚೆ ಮೆಡಿಕಲ್ ಆಂಕಾಲಜಿಸ್ಟನ್ನ ಒಂದ್ಸಲ ನೋಡಿ ಅಂತ ಹೇಳೋದು ಇದಕ್ಕೇ.

ಟಿ ಸೆಲ್ ಗುರುತೇ ಹಿಡೀತಿಲ್ಲ ಅಂದ್ರೆ: ಕಾರ್-ಟಿ ಮತ್ತು ಬೈಸ್ಪೆಸಿಫಿಕ್

ರಕ್ತದ ಕ್ಯಾನ್ಸರ್‌ಗಳಲ್ಲಿ ಆಟ ಬೇರೆ. ಲ್ಯುಕೇಮಿಯಾ, ಲಿಂಫೋಮ, ಮೈಲೋಮದಲ್ಲಿ ಕೆಟ್ಟ ಸೆಲ್ ಮೇಲೆ ಸಿಡಿ19, ಸಿಡಿ20, ಬಿಸಿಎಂಎ ಥರದ ಗುರುತು ಇರತ್ತೆ, ಟಿ ಸೆಲ್‌ಗೆ ಆ ಗುರುತು ಹಿಡಿಯೋ ಹಾಗೆ ಮಾಡಿದ್ರೆ ಸಾಕು. ಅದಕ್ಕೆ ಎರಡು ದಾರಿ.

ಕಾರ್-ಟಿ ಅಂದ್ರೆ ನಿಮ್ಮ ರಕ್ತದಿಂದ ಮೆಷಿನಲ್ಲಿ ಟಿ ಸೆಲ್ ಬೇರೆ ಮಾಡಿ, ವೈರಸ್ ಮೂಲಕ ಹೊಸ ಜೀನ್ ಸೇರಿಸಿ, ಕೋಟಿಗಟ್ಟಲೆ ಬೆಳೆಸಿ, ನಿಮಗೆ ಮೂರು ದಿನ ಸಣ್ಣ ಕೀಮೋ ಕೊಟ್ಟು ಜಾಗ ಖಾಲಿ ಮಾಡಿ ವಾಪಸ್ ಹಾಕೋದು. ಒಂದೇ ಸಲ. 2012ರಲ್ಲಿ ಎಮಿಲಿ ವೈಟ್‌ಹೆಡ್ ಅನ್ನೋ ಪುಟ್ಟ ಹುಡುಗಿ ಇದನ್ನ ತಗೊಂಡ ಮೊದಲ ಮಗು, ಆಮೇಲೆ ಲ್ಯುಕೇಮಿಯಾ ವಾಪಸ್ ಬರ್ಲಿಲ್ಲ. 2017ರಲ್ಲಿ ಎಫ್‌ಡಿಎ ಮೊದಲ ಕಾರ್-ಟಿಗೆ ಒಪ್ಪಿಗೆ ಕೊಡೋಕೆ ಕಾರಣವಾದ ಟ್ರಯಲಲ್ಲಿ 75 ಮಕ್ಕಳು ಮತ್ತು ಯುವಕರಿಗೆ ಕೊಟ್ಟಾಗ ಮೂರು ತಿಂಗಳೊಳಗೆ 81% ಜನರಲ್ಲಿ ಕಾಯಿಲೆ ಕಾಣ್ದಂಗಾಯ್ತು, ಅವರೆಲ್ಲಾ ಬೇರೆ ಟ್ರೀಟ್‌ಮೆಂಟ್ ಸೋತವರೇ.

ಬೈಸ್ಪೆಸಿಫಿಕ್ ಅನ್ನೋದು ಎರಡು ಕೈ ಇರೋ ಆಂಟಿಬಾಡಿ, ಒಂದರಲ್ಲಿ ಟಿ ಸೆಲ್ ಹಿಡೀತದೆ, ಇನ್ನೊಂದರಲ್ಲಿ ಕ್ಯಾನ್ಸರ್ ಸೆಲ್. ಲ್ಯಾಬಲ್ಲಿ ಏನೂ ತಯಾರು ಮಾಡ್ಬೇಕಿಲ್ಲ, ಸ್ಟಾಕಲ್ಲಿರೋ ಬಾಟಲಿ. ಬ್ಲಿನಾಟುಮೊಮ್ಯಾಬ್ ಈ ಜಾತಿಯ ಹಳೇದು, ಅದು ಮೈಯಲ್ಲಿ ಕೆಲವೇ ಗಂಟೆ ಉಳಿಯೋದರಿಂದ 28 ದಿನ ಬಿಡ್ದೆ ಪಂಪಲ್ಲಿ ಹರಿಸ್ತಾನೇ ಇರ್ಬೇಕು, ಹೊಸವುಗಳಲ್ಲಿ ಹಲವು ಚರ್ಮದ ಕೆಳಗೆ ವಾರಕ್ಕೊಂದು ಇಂಜೆಕ್ಷನ್.

ಆಯ್ಕೆ ಹೆಂಗೆ? ಮೊದಲನೇದು ಟೈಮ್. ಕಾರ್-ಟಿ ತಯಾರಾಗೋಕೆ ಸಾಮಾನ್ಯವಾಗಿ ಮೂರರಿಂದ ಐದು ವಾರ, ಕಾಯಿಲೆ ಅಷ್ಟು ದಿನ ತಡ್ಕೊಳತ್ತಾ? ಇಲ್ಲ ಅಂದ್ರೆ ಬೈಸ್ಪೆಸಿಫಿಕ್ ಕಡೆ ಹೋಗೋದೇ ಸರಿ. ಎರಡನೇದು ನಿಮ್ಮ ಟಿ ಸೆಲ್ ಸ್ಥಿತಿ, ಬೆಂಡಾಮಸ್ಟಿನ್ ಥರದ ಕೀಮೋ ಇತ್ತೀಚೆಗೆ ತಗೊಂಡಿದ್ರೆ ಟಿ ಸೆಲ್‌ಗಳು ಸೊರಗಿರ್ತವೆ, ಅವುಗಳಿಂದ ಮಾಡಿದ ಕಾರ್-ಟಿನೂ ಸೊರಗಿರತ್ತೆ, ಹಾಗಾಗಿ ಮುಂದೆ ಕಾರ್-ಟಿ ಬೇಕಾಗಬಹುದು ಅನ್ನೋ ಸಣ್ಣ ಅನುಮಾನ ಇದ್ರೂ ಆ ಕೀಮೋ ಶುರು ಮಾಡೋ ಮೊದಲೇ ಮಾತಾಡ್ಬೇಕು. ಮೂರನೇದು ಆರ್ಡರ್: ಮೈಲೋಮದಲ್ಲಿ ಬಿಸಿಎಂಎ ಬೈಸ್ಪೆಸಿಫಿಕ್ ಮೊದಲು ತಗೊಂಡು ಅದು ಸೋತ್ಮೇಲೆ ಬಿಸಿಎಂಎ ಕಾರ್-ಟಿಗೆ ಹೋದವರಲ್ಲಿ ಫಲಿತಾಂಶ ಕಡಿಮೆ ಬರತ್ತೆ, ಉಲ್ಟಾ ಆರ್ಡರಲ್ಲಿ ಅಷ್ಟು ನಷ್ಟ ಇಲ್ಲ. ಎರಡೂ ಸಿಗೋ ಹಾಗಿದ್ದು, ಟೈಮೂ ಇದ್ರೆ ನಾನು ಕಾರ್-ಟಿ ಮೊದಲು ಅಂತೀನಿ, ಒಂದು ಸಲ ಮುಗಿಸಿ ಔಷಧಿ ಇಲ್ಲದ ದಿನಗಳು ಸಿಗೋದು ಸಣ್ಣ ವಿಷಯ ಅಲ್ಲ. ಹಾಗಂತ ಬೈಸ್ಪೆಸಿಫಿಕ್ ಕೈಲಾಗ್ದವರ ಔಷಧಿ ಅಂತ ತಿಳ್ಕೋಬೇಡಿ, ದೊಡ್ಡವರ ಬಿ-ಸೆಲ್ ಲ್ಯುಕೇಮಿಯಾದಲ್ಲಿ ಕೀಮೋ ಆದ್ಮೇಲೆ ಕಾಯಿಲೆ ಟೆಸ್ಟಲ್ಲಿ ಸಿಗ್ದೆ ಇರೋರಿಗೂ ಬ್ಲಿನಾಟುಮೊಮ್ಯಾಬ್ ಸೇರಿಸಿದಾಗ ಮೂರು ವರ್ಷಕ್ಕೆ ಬದುಕಿದ್ದವರು 68%ಯಿಂದ 85%ಗೆ ಏರಿದ್ರು.

ಎರಡರಲ್ಲೂ ಸೈಟೊಕೈನ್ (ಇಮ್ಯೂನ್ ಸೆಲ್‌ಗಳು ಬಿಡೋ ಸಿಗ್ನಲ್ ಪ್ರೋಟೀನ್) ರಿಲೀಸ್ ಆಗಿ ಜ್ವರ, ಬಿಪಿ ಇಳಿಯೋದು ಬರತ್ತೆ, ಟೊಸಿಲಿಜುಮ್ಯಾಬ್ ಅನ್ನೋ ಔಷಧಿ ಕೊಟ್ಟು ತಡೀತಾರೆ. ಕಾರ್-ಟಿಯಲ್ಲಿ ಮೆದುಳಿನ ಮೇಲೂ ಪರಿಣಾಮ ಆಗಬಹುದು, ಅದನ್ನ ಕಂಡುಹಿಡಿಯೋ ವಿಧಾನ ನೋಡಿದ್ರೆ ಇಷ್ಟೇನಾ ಅನ್ಸತ್ತೆ: ನರ್ಸ್ ದಿನಕ್ಕೆರಡು ಮೂರು ಸಲ ಬಂದು ಯಾವ ಊರು, ಯಾವ ವರ್ಷ ಕೇಳ್ತಾರೆ, ಪೆನ್ನು ತೋರಿಸಿ ಇದೇನು ಅಂತಾರೆ, ನೂರರಿಂದ ಹತ್ತತ್ತು ಕಳೀರಿ ಅಂತಾರೆ, ಒಂದು ಹಾಳೆ ಕೊಟ್ಟು ಒಂದು ವಾಕ್ಯ ಬರೀರಿ ಅಂತಾರೆ. ನಿನ್ನೆ ನೆಟ್ಟಗೆ ಬರೆದಿದ್ದ ಸಾಲು ಇವತ್ತು ಓರೆಕೋರೆ ಆದ್ರೆ ಅಥವಾ ಪದ ಬಿಟ್ಟುಹೋದ್ರೆ ಬೇರೆ ಯಾವ ಲಕ್ಷಣ ಕಾಣೋ ಮೊದಲೇ ಎಚ್ಚೆತ್ಕೊಳ್ತಾರೆ. ಬಹುತೇಕರಿಗೆ ಇದು ಕೆಲವು ದಿನದಲ್ಲಿ ಸರಿಹೋಗತ್ತೆ. ಜೊತೆಗಿರೋರು ಆ ಹಾಳೆ ಮೇಲೆ ಒಂದು ಕಣ್ಣಿಟ್ಟಿರಿ. ಕಾರ್-ಟಿ ಆದವರಲ್ಲಿ ಅಪರೂಪಕ್ಕೆ ಹೊಸ ಟಿ-ಸೆಲ್ ಕ್ಯಾನ್ಸರ್ ಬಂದಿರೋದೂ ಇದೆ, 2024ರಿಂದ ಅದರ ಲೇಬಲ್ ಮೇಲೇ ಎಚ್ಚರಿಕೆ ಹಾಕಿದಾರೆ. ಬೈಸ್ಪೆಸಿಫಿಕಲ್ಲಿ, ಅದ್ರಲ್ಲೂ ಮೈಲೋಮದಲ್ಲಿ, ಇನ್‌ಫೆಕ್ಷನ್ ದೊಡ್ಡ ತಲೆನೋವು.

ಗಟ್ಟಿ ಗಡ್ಡೆಗೆ ಕಾರ್-ಟಿ ಯಾಕಿಲ್ಲ ಅಂದ್ರೆ, ಬರೀ ಕ್ಯಾನ್ಸರ್ ಮೇಲೆ ಮಾತ್ರ ಇರೋ ಗುರುತು ಸಿಗೋದು ಕಷ್ಟ, ಸಿಕ್ರೂ ಒಳಗೆ ಹೋಗೋದು ಕಷ್ಟ, ಹೋದ್ರೂ ಮೇಲೆ ಹೇಳಿದ ಟ್ರೆಗ್, ಮ್ಯಾಕ್ರೋಫೇಜ್ ಕಾಯ್ತಿರ್ತವೆ. ಸದ್ಯಕ್ಕೆ ಅದು ಟ್ರಯಲ್ ಮಟ್ಟದಲ್ಲೇ ಹೆಚ್ಚು.

ಉಳಿದವು ಬೇಗ ಬೇಗ

ಟಿಐಎಲ್ ಅಂದ್ರೆ ಗಡ್ಡೆಯನ್ನೇ ಕತ್ತರಿಸಿ ಅದರೊಳಗಿರೋ ಟಿ ಸೆಲ್ ತೆಗೆದು ಬೆಳೆಸಿ ವಾಪಸ್ ಹಾಕೋದು, ಜೀನ್ ಬದಲಾವಣೆ ಇಲ್ಲ. ಸ್ಟೀವನ್ ರೋಸೆನ್‌ಬರ್ಗ್ 1980ರ ದಶಕದಲ್ಲಿ ಶುರು ಮಾಡಿದ್ದು, ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ, ಪಿಡಿ-1 ಔಷಧಿ ಸೋತ ಮೆಲನೋಮಕ್ಕೆ. ಜೊತೆಗೆ ಜೋರು ಕೀಮೋ, ಐಎಲ್-2 (ಟಿ ಸೆಲ್‌ಗಳನ್ನ ಬೆಳೆಸೋ ಔಷಧಿ) ಇರೋದ್ರಿಂದ ಹೃದಯ, ಶ್ವಾಸಕೋಶ ಗಟ್ಟಿ ಇರೋರಿಗೆ ಮಾತ್ರ.

ಬಿಸಿಜಿ, ಹೌದು ಅದೇ ಟಿಬಿ ಲಸಿಕೆ, ಮೂತ್ರಕೋಶದ ಸ್ನಾಯುವಿಗೆ ಇಳಿಯದ ಕ್ಯಾನ್ಸರ್‌ಗೆ ವಾರಕ್ಕೊಂದರಂತೆ 6 ವಾರ ಮೂತ್ರಕೋಶದೊಳಗೆ ಬಿಡ್ತಾರೆ. 1970ರ ದಶಕದ ಟ್ರೀಟ್‌ಮೆಂಟ್, ಇವತ್ತಿಗೂ ಹೈ ರಿಸ್ಕ್ ಇರೋರಿಗೆ ಅದೇ ಮೊದಲ ಆಯ್ಕೆ, ಹೊಸ ಔಷಧಿಗಳ ಗಲಾಟೆಲಿ ಇದನ್ನ ಯಾರೂ ಇಮ್ಯುನೋಥೆರಪಿ ಅಂತ ಲೆಕ್ಕಕ್ಕೇ ಹಿಡಿಯಲ್ಲ.

ಮ್ಯಾಕ್ರೋಫೇಜನ್ನ ನಮ್ಮ ಕಡೆ ತಿರುಗಿಸೋ ಔಷಧಿಗಳು ಕೇಳೋಕೆ ಚೆನ್ನಾಗಿವೆ, ಆದ್ರೆ ಸಿಡಿ47 (ಕ್ಯಾನ್ಸರ್ ಸೆಲ್ ಮೇಲಿದ್ದು ಮ್ಯಾಕ್ರೋಫೇಜ್‌ಗೆ "ನುಂಗ್ಬೇಡ" ಅನ್ನೋ ಪ್ರೋಟೀನ್) ತಡೆಯೋ ಮ್ಯಾಗ್ರೊಲಿಮ್ಯಾಬಿನ ದೊಡ್ಡ ಟ್ರಯಲ್‌ಗಳು 2024ರ ಹೊತ್ತಿಗೆ ನಿಂತುಹೋದ್ವು. ಟ್ರಯಲ್ ಆಫರ್ ಬಂದ್ರೆ ಸೇರಿ, ಅದನ್ನ ಬಿಟ್ಟು ಯಾರಾದ್ರೂ ದುಡ್ಡು ತಗೊಂಡು ಕೊಡ್ತೀನಿ ಅಂದ್ರೆ ಅಲ್ಲಿಂದ ಎದ್ದು ಬನ್ನಿ. "ಇಮ್ಯುನಿಟಿ ಬೂಸ್ಟರ್" ಡಬ್ಬಿಗಳ ಬಗ್ಗೆನೂ ಕೇಳ್ತಾರೆ, ಇಮ್ಯೂನ್ ಸೆಲ್‌ಗಳಲ್ಲಿ ಕ್ಯಾನ್ಸರ್ ಪರ ಇರೋವೂ ಇವೆ ಅಂತ ಮೇಲೆ ಓದಿದ್ರಲ್ಲ, ಡಬ್ಬಿ ಯಾವುದನ್ನ ಬೂಸ್ಟ್ ಮಾಡತ್ತಂತೆ?

ಶುರು ಮಾಡೋ ಮುಂಚೆ ಹೇಳ್ಬೇಕಾದ್ದು

ರುಮಟಾಯ್ಡ್, ಲೂಪಸ್, ಕ್ರೋನ್ಸ್ ಥರ ಆಟೋಇಮ್ಯೂನ್ (ಇಮ್ಯುನಿಟಿ ನಮ್ಮ ಮೈಯನ್ನೇ ತಿನ್ನೋ) ಕಾಯಿಲೆ ಇದ್ರೆ ಹೇಳಿ, ಚೆಕ್‌ಪಾಯಿಂಟ್ ಔಷಧಿ ಪೂರ್ತಿ ನಿಷಿದ್ಧ ಅಂತೇನಿಲ್ಲ ಆದ್ರೆ ಅದು ಕೆರಳಬಹುದು. ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಗಿದ್ರೆ ಮೈ ಆ ಕಿಡ್ನಿಯನ್ನ ತಿರಸ್ಕರಿಸೋ ರಿಸ್ಕ್ ದೊಡ್ಡದು. ಇತ್ತೀಚೆಗೆ ಆಂಟಿಬಯಾಟಿಕ್ ತಗೊಂಡಿದ್ರೂ ಹೇಳಿ, ಕರುಳಿನ ಬ್ಯಾಕ್ಟೀರಿಯಾ ಕೆಟ್ಟಿದ್ದವರಲ್ಲಿ ಈ ಔಷಧಿ ಕಡಿಮೆ ಕೆಲಸ ಮಾಡಿರೋದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಾಗಂತ ಬೇಕಾದ ಆಂಟಿಬಯಾಟಿಕ್ ಬಿಡ್ಬೇಡಿ, ಬೇಡದ್ದನ್ನ ನುಂಗ್ಬೇಡಿ ಅಷ್ಟೆ. ಸ್ಟೆರಾಯ್ಡ್ ವಿಷಯದಲ್ಲಿ ಗೊಂದಲ ಜಾಸ್ತಿ: ಶುರು ಮಾಡೋವಾಗ್ಲೇ ದಿನಕ್ಕೆ 10 ಮಿಲಿಗ್ರಾಂಗಿಂತ ಹೆಚ್ಚು ಪ್ರೆಡ್ನಿಸೋನ್ ಮೇಲಿರೋರಲ್ಲಿ ಫಲಿತಾಂಶ ಕಡಿಮೆ ಕಂಡಿದೆ, ಆದ್ರೆ ಆಮೇಲೆ ಸೈಡ್ ಎಫೆಕ್ಟ್ ಬಂದಾಗ ಕೊಡೋ ಸ್ಟೆರಾಯ್ಡ್ ಬೇಡ ಅಂತ ಹಠ ಹಿಡಿಯೋದು ಜೀವಕ್ಕೆ ಅಪಾಯ.

ಮೊದಲ ಸ್ಕ್ಯಾನಲ್ಲಿ ಗಡ್ಡೆ ದೊಡ್ಡದಾಗಿ ಕಂಡ್ರೆ "ಟಿ ಸೆಲ್ ಒಳಗೆ ನುಗ್ಗಿ ಊದಿದೆ" ಅಂತ ಹೇಳೋದು ಕೇಳಿರ್ತೀರಿ, ಹಾಗಾಗೋದು ನಿಜ, ಆದ್ರೆ ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ. ರೋಗಿ ಓಡಾಡ್ಕೊಂಡು ಚೆನ್ನಾಗಿದ್ರೆ ನಾಲ್ಕರಿಂದ ಎಂಟು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ನೋಡಬಹುದು, ಸೊರಗ್ತಿದ್ರೆ ಆ ಆಸೆ ಮೇಲೆ ಕಾಯ್ಬೇಡಿ.

ಚೆಕ್‌ಪಾಯಿಂಟ್ ಔಷಧಿಯ ಸೈಡ್ ಎಫೆಕ್ಟ್ ಯಾವ ಅಂಗಕ್ಕಾದ್ರೂ ಬರಬಹುದು, ಥೈರಾಯ್ಡ್, ಕರುಳು, ಲಿವರ್, ಶ್ವಾಸಕೋಶ, ಅಪರೂಪಕ್ಕೆ ಹೃದಯ, ಕೆಲವರಿಗೆ ಏಕಾಏಕಿ ಟೈಪ್ 1 ಡಯಾಬಿಟಿಸ್. ಔಷಧಿ ನಿಲ್ಲಿಸಿ ತಿಂಗಳುಗಳಾದ್ಮೇಲೂ ಇದು ಶುರುವಾಗಬಹುದು, ಹಾಗಾಗಿ ಆರು ತಿಂಗಳಾದ್ಮೇಲೆ ಭೇದಿನೋ ಉಸಿರುಕಟ್ಟೋದೋ ಆಗಿ ಯಾವ್ದೋ ಎಮರ್ಜೆನ್ಸಿಗೆ ಹೋದ್ರೂ "ಕೀಮೋ ಆಗಿತ್ತು" ಅನ್ಬೇಡಿ, ಯಾವ ಇಮ್ಯುನೋಥೆರಪಿ, ಕೊನೇ ಡೋಸ್ ಯಾವಾಗ ಅಂತ ಹೆಸರು ತಾರೀಕು ಸಮೇತ ಮೊದಲ ಮಾತಲ್ಲೇ ಹೇಳಿ.